ಕಡಿಮೆ ಓಡಿಸಿ ವೇಗ ಪಡೆದ ನನ್ನ ಅನುಭವ

ನಸುಕಿನಲ್ಲಿ ಐದಾರು ಕಿಲೋಮೀಟರ್ ಓಡದವರಿಗೆ ನೂರು ಮೀಟರಿಗೂ ದಮ್ಮು ಸಾಲದು ಎಂಬ ನಂಬಿಕೆ ನಮ್ಮ ಜಮಖಂಡಿ ಭಾಗದಲ್ಲಿ ಬಲವಾಗಿದೆ. ಓಟದ ಕೋಚ್ ಆದ ನಾನು ಒಬ್ಬ ಹುಡುಗಿಯನ್ನು ವಾರಕ್ಕೆ ಮೂರೇ ದಿನ ಜೋರಾಗಿ ಓಡಿಸಿ, ಉಳಿದ ಸಮಯ ಬೇವಿನ ನೆರಳಿನಲ್ಲಿ ಕೂರಿಸಿದಾಗ, ಗರಡಿಯ ಹಿರಿಯರೊಬ್ಬರು 'ಮಾಸ್ತರ, ನಿಮ್ಮ ಹುಡುಗಿ ಓಡಿದ್ದಕ್ಕಿಂತ ಕುಂತದ್ದೇ ಭಾಳ ಆತಲ್ರಿ' ಎಂದಿದ್ದರು. 2018ರಲ್ಲಿ ಫಿನ್‌ಲ್ಯಾಂಡಿನ ಟಾಂಪೆರೆಯಲ್ಲಿ ಹಿಮಾ ದಾಸ್ 51.46 ಸೆಕೆಂಡುಗಳಲ್ಲಿ 400 ಮೀಟರ್ ಓಡಿ 20 ವರ್ಷದೊಳಗಿನವರ ವಿಶ್ವ ಚಿನ್ನ ಗೆದ್ದ ಮೇಲಂತೂ, ಚುರುಕಾದ ಹುಡುಗಿಯರನ್ನೆಲ್ಲ ಅದೇ ದೂರಕ್ಕೆ ತಿರುಗಿಸಬೇಕೆಂಬ ಒತ್ತಾಯ ಹೆಚ್ಚಿತ್ತು. ನಾನು ಒಪ್ಪಲಿಲ್ಲ. ಕಳೆದ ಬೇಸಿಗೆಯಲ್ಲಿ ಅದೇ ಹುಡುಗಿ ಭಾರತದ ಕಿರಿಯರ ತಂಡದ ಅಂಗಿ ತೊಟ್ಟು ವಿದೇಶದಲ್ಲಿ ನೂರು ಮೀಟರ್ ಓಡಿ ಬಂದಿದ್ದರಿಂದ, ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಕ್ರಮದಲ್ಲಿ ಗುಟ್ಟಿಗಿಂತ ಹಟವೇ ಹೆಚ್ಚು. ಪ್ರತಿ ಹತ್ತು ಮೀಟರ್ ಓಟಕ್ಕೆ ಕನಿಷ್ಠ ಒಂದು ನಿಮಿಷ ವಿಶ್ರಾಂತಿ ಎಂದು ಲೆಕ್ಕ ಹಿಡಿದರೆ, ಅರವತ್ತು ಮೀಟರಿನ ಬಳಿಕ ಆರೇಳು ನಿಮಿಷ ಸುಮ್ಮನೆ ಕೂರಬೇಕಾಗುತ್ತದೆ. ಮೂವತ್ತು ಮೀಟರ್ ಅಂತರದಲ್ಲಿ ಎರಡು ಬಿದಿರು ನೆಟ್ಟು, ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲನ್ನು ಪಕ್ಕದಲ್ಲಿಟ್ಟು, ಅವಳ ಎದೆ ಬಿದಿರನ್ನು ದಾಟುವ ಚಿತ್ರಗಳನ್ನು ಎಣಿಸುತ್ತಿದ್ದೆ. ಒಂದು ಚಿತ್ರವೆಂದರೆ ಸುಮಾರು ನಾಲ್ಕು ಮಿಲಿಸೆಕೆಂಡು. ಅವಳ ಓಟ ಇಂತಿಷ್ಟು ನಿಧಾನವಾಗಿ ಸಮಯ ಜಾರಿತೆಂದರೆ ಅಂದಿನ ಕೆಲಸ ಅಲ್ಲಿಗೇ ಮುಗಿಯಿತು, ಅವಳು ಎಷ್ಟೇ ಕೇಳಿಕೊಂಡರೂ ಇನ್ನೊಂದು ಓಟವಿಲ್ಲ. ಎಷ್ಟು ಜಾರಿದರೆ ನಿಲ್ಲಿಸುತ್ತೇನೆ ಎಂಬ ಅಂಕಿಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಓಡುತ್ತ ಬಂದು ದಾಟುವ ಆ ಮೂವತ್ತು ಮೀಟರ್ ಎರಡು ಹಂಗಾಮುಗಳಲ್ಲಿ 3.6 ಸೆಕೆಂಡಿನ ಆಸುಪಾಸಿನಿಂದ 3.3ರ ಹತ್ತಿರಕ್ಕೆ ಇಳಿಯಿತು.

ಮೊದಲ ವರ್ಷ ಫಲ ಕಾಣಲಿಲ್ಲ. ನಮ್ಮ ಗರಸು ಮೈದಾನದಲ್ಲಿ ನೂರು ಮೀಟರಿಗೆ ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ 12.4 ಸೆಕೆಂಡು ತೋರಿಸಿದ್ದ ಹುಡುಗಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಎಲೆಕ್ಟ್ರಾನಿಕ್ ಗಡಿಯಾರ 12.8ರ ಹತ್ತಿರ ಕೊಟ್ಟಿತು. ಗುಂಡಿ ಒತ್ತುವ ಕೈ ತಡವಾಗುವುದರಿಂದ ಸ್ಟಾಪ್‌ವಾಚಿನ ಸಮಯಕ್ಕೆ 0.24 ಸೇರಿಸಿ ನೋಡಬೇಕೆಂಬುದು ಕೋಚ್‌ಗಳಾದ ನಮಗೆಲ್ಲ ಗೊತ್ತಿದ್ದರೂ, ಮನೆಯವರಿಗೆ ಅದನ್ನು ಹೇಳಿ ಒಪ್ಪಿಸುವುದು ಕಷ್ಟವಾಯಿತು. ಆ ಒಂದು ಪ್ರಯಾಣಕ್ಕೇ ಇಬ್ಬರಿಗೆ ಐದಾರು ಸಾವಿರ ಕೈಬಿಟ್ಟಿತ್ತು. ಏಳು ಸಾವಿರದಷ್ಟು ಬೆಲೆಯ ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಿರುವ ಓಟದ ಬೂಟು) ಕೊಳ್ಳಲು ಅವಳ ತಂದೆ ಕಬ್ಬಿನ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾದರು. ಕೊನೆಗೆ ಅರ್ಧ ಹಣವನ್ನು ನಾನು ಹಾಕಿದೆ.

ಓಟದ ಆರಂಭದಲ್ಲಿ ಪಾದ ಒತ್ತಿ ಹೊರಡುವ ಸ್ಟಾರ್ಟಿಂಗ್ ಬ್ಲಾಕ್ ವಿಷಯದಲ್ಲಿ ಮಾತ್ರ ಹಣ ಉಳಿಸಿದ್ದೇನೆ. ಅಂಗಡಿಯ ಬ್ಲಾಕಿನ ಮೊಳೆಗಳು ಗಟ್ಟಿ ಗರಸಿನಲ್ಲಿ ಇಳಿಯುತ್ತಿರಲಿಲ್ಲ, ಇಳಿದರೂ ಮೊದಲ ಒದೆತಕ್ಕೇ ಕಿತ್ತು ಬರುತ್ತಿದ್ದವು. ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಪಟ್ಟಿಯ ಮೇಲೆ ಎರಡು ಓರೆ ಹಲಗೆಗಳನ್ನು ಕೂರಿಸಿ, ಹಲಗೆಗೆ ಟ್ರ್ಯಾಕ್ಟರಿನ ಹಳೆಯ ಟೈರಿನ ತುಂಡು ಬೋಲ್ಟ್ ಮಾಡಿಸಿ, ಗೇಣುದ್ದದ ಗೂಟಗಳನ್ನು ಸುತ್ತಿಗೆಯಿಂದ ಹೊಡೆಯುವಂತೆ ತೂತು ಬಿಡಿಸಿದೆ. ಸಾವಿರದ ಇನ್ನೂರರಲ್ಲಿ ಆದ ಆ ಬ್ಲಾಕ್ ಇಂದಿಗೂ ಅಲುಗಿಲ್ಲ, ನೋಡಿದವರು ತಮಗೂ ಮಾಡಿಸಿಕೊಡಿ ಎಂದು ಕೇಳುತ್ತಾರೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸೊಂಟಕ್ಕೆ ಟೈರು ಕಟ್ಟಿ ಎಳೆಸಿದ್ದರಿಂದ ಮೊದಲ ಹತ್ತು ಮೀಟರಿನಲ್ಲಷ್ಟೇ ಲಾಭವಾಯಿತು. ಆಷಾಢದ ಪಡುವಣ ಗಾಳಿ ನಮ್ಮಲ್ಲಿ ಹೊಲದ ಮೇವಿನ ಬಣವೆಯನ್ನೇ ಹಾರಿಸುವಷ್ಟು ಬೀಸುತ್ತದೆ. ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿನ ಹಿಂಗಾಳಿಯಿದ್ದರೆ ಆ ಸಮಯ ದಾಖಲೆಗೆ ಸಲ್ಲದು, ಆದರೆ ಅಭ್ಯಾಸಕ್ಕೆ ಅಂಥ ಕಾನೂನಿಲ್ಲವಲ್ಲ ಎಂದು, ಗಾಳಿಯನ್ನು ಬೆನ್ನಿಗೆ ಕೊಟ್ಟು ಪೂರ್ವಕ್ಕೆ ಓಡಿಸಿದೆ. ಕಾಲು ತನ್ನ ಶಕ್ತಿಗೂ ಮೀರಿ ಬೇಗ ಬೀಳುವುದನ್ನು ಕಲಿತದ್ದು ಆ ಪುಕ್ಕಟೆ ಗಾಳಿಯಿಂದಲೇ ಎಂದು ನಾನು ನಂಬಿದ್ದೇನೆ. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಬಿಗಿಯಾಗಿರುವವರಿಗೆ ಇದನ್ನು ಮಾಡಿಸಬೇಡಿ.

ಅಂತರರಾಷ್ಟ್ರೀಯ ಕೂಟದಲ್ಲಿ ಎಳೆಯ ಓಟಗಾರರನ್ನು ಕೆಡಿಸುವುದು ಎದುರಾಳಿಗಿಂತ ಹೆಚ್ಚಾಗಿ ಕಾಲ್ ರೂಮ್, ಅಂದರೆ ಓಟಕ್ಕೆ ಮುನ್ನ ಓಟಗಾರರನ್ನು ಸೇರಿಸಿ ಕೂರಿಸುವ ಕೋಣೆ. ಮೈ ಬಿಸಿಯಾದ ಮೇಲೆ ಮೊಬೈಲ್ ಬಿಟ್ಟು, ಚೀಲ, ಸ್ಪೈಕ್ಸ್ ತಪಾಸಣೆ ಮಾಡಿಸಿಕೊಂಡು, ಕೋಚ್ ಇಲ್ಲದೆ ಅರ್ಧ ಗಂಟೆಯವರೆಗೂ ಅಪರಿಚಿತರ ನಡುವೆ ಕೂರಬೇಕು. ಆದ್ದರಿಂದ ಹೊರಡುವ ತಿಂಗಳು ಮೊದಲೇ, ವಾರ್ಮ್‌ಅಪ್ ಆದ ಕೂಡಲೇ ಅವಳನ್ನು ಗರಡಿಯ ಪಕ್ಕದ ಕೋಣೆಯಲ್ಲಿ ಒಂಟಿಯಾಗಿ ಕೂರಿಸಿ, ಕೂತಲ್ಲೇ ಮಾಡುವ ನಾಲ್ಕೈದು ಚಲನೆಗಳಿಂದ ಮೈ ಬಿಸಿ ಉಳಿಸಿಕೊಳ್ಳುವುದನ್ನು ಕಲಿಸಿ, ನೇರವಾಗಿ ಬ್ಲಾಕಿಗೆ ಕರೆದೊಯ್ಯುತ್ತಿದ್ದೆ. ಸದ್ದನ್ನು ಊಹಿಸಿ ಹೊರಡಬಾರದೆಂದು, 'ಸೆಟ್' ಎಂದ ಮೇಲೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಸದ್ದು ಮಾಡುತ್ತಿದ್ದೆ. ಗುಂಡಿನ ಸದ್ದಾಗಿ 0.100 ಸೆಕೆಂಡು ತುಂಬುವ ಮೊದಲೇ ಹೊರಟರೆ ಫಾಲ್ಸ್ ಸ್ಟಾರ್ಟ್, ಅದೊಂದೇ ಸಾಕು ಆ ಸ್ಪರ್ಧೆಯಿಂದ ಹೊರಬೀಳಲು.

ಅವಳು ಅಲ್ಲಿ ಸೆಮಿಫೈನಲ್ ತಲುಪಿ, ಸುಮಾರು 11.9ರಲ್ಲಿ, ಅಂದರೆ ಇಲ್ಲಿಯ ತನ್ನ ಅತ್ಯುತ್ತಮಕ್ಕೆ ತಾಗುವಂತೆ ಓಡಿದಳು. ಮೊದಲ ವಿದೇಶಿ ಕೂಟದಲ್ಲಿ ಬಹಳಷ್ಟು ಮಕ್ಕಳು ಸೆಕೆಂಡಿನ ಹತ್ತರಲ್ಲಿ ಎರಡು ಮೂರು ಭಾಗ ಕಳೆದುಕೊಳ್ಳುವುದನ್ನು ನೀವೂ ಕಂಡಿದ್ದೀರಿ. ಈ ಹಂಗಾಮಿನಲ್ಲಿ ಅವಳನ್ನು 200 ಮೀಟರಿಗೂ ಇಳಿಸುತ್ತಿದ್ದೇನೆ. ತಿರುವಿನ ಅಭ್ಯಾಸಕ್ಕೆಂದು ಮೈದಾನದ ಮೂಲೆಯಲ್ಲಿ ಸುಣ್ಣದ ಗೆರೆ ಈಗಾಗಲೇ ಹಾಕಿಸಿದ್ದು, ವಿಶ್ರಾಂತಿಯ ಲೆಕ್ಕ ಮೊದಲಿನದೇ ಇರುತ್ತದೆ.