ಪಾಲಿಗೆ ಕೂರುವ ಮುನ್ನ: ಒಡಹುಟ್ಟಿದವರು ಆಸ್ತಿ ಹಂಚಿಕೊಳ್ಳುವ ಬಗೆ

ನಾನು ಹತ್ತಿರದಿಂದ ಕಂಡ ಒಂದು ಮನೆಯಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನಿನ ಪಾಲು ತಕರಾರಿಲ್ಲದೆ ಮುಗಿಯುತ್ತಾ ಬಂದಿತ್ತು. ಭೂಮಾಪಕರು ಬದುವಿನ ಮೇಲಿದ್ದ ಹಲಸಿನ ಮರ ಯಾರ ಕಡೆಗೆ ಎಂದು ಕೇಳಿದಾಗ, ಅಲ್ಲಿಯವರೆಗೆ ತಲೆತಗ್ಗಿಸಿ ನಿಂತಿದ್ದ ಅಣ್ಣ, "ಅದು ನಾನು ನೆಟ್ಟಿದ್ದು. ಆಗ ನೀನು ಹಾಸ್ಟೆಲಿನಲ್ಲಿದ್ದೆ" ಎಂದು ತಮ್ಮನಿಗೆ ಹೇಳಿದ. ಹತ್ತನೇ ತರಗತಿಗೇ ಓದು ಬಿಟ್ಟು ನೇಗಿಲು ಹಿಡಿದವನು ಆತ. ಆತ ಬೆಳೆದ ರಾಗಿಯ ದುಡ್ಡಿನಲ್ಲಿ ಓದಿ ನೌಕರಿಗೆ ಸೇರಿದವನು ತಮ್ಮ. ಮೂವತ್ತು ವರ್ಷ ಯಾರೂ ಎತ್ತದಿದ್ದ ಆ ಮಾತು ಮರದ ನೆಪದಲ್ಲಿ ಹೊರಬಿದ್ದು, ಅಂದಿನ ಅಳತೆ ಅಲ್ಲಿಗೇ ನಿಂತಿತು.

ಆದ್ದರಿಂದ ಅಳತೆಗೆ ಮೊದಲು ಒಡಹುಟ್ಟಿದವರೆಲ್ಲ ಒಂದು ದಿನ ಬಿಡುವು ಮಾಡಿಕೊಂಡು ಮನೆಯ ಹಳೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಯಾರ ಓದಿಗೆ ಅಮ್ಮನ ಬಳೆ ಅಡವಿಗೆ ಹೋಯಿತು, ಅಪ್ಪನ ಆಸ್ಪತ್ರೆಯ ಖರ್ಚು ಯಾರು ಹೊತ್ತರು, ಯಾರ ಮದುವೆಯ ಸಾಲವನ್ನು ಯಾರು ತೀರಿಸಿದರು ಎಂಬುದನ್ನು ಒಬ್ಬರು ಹೇಳುತ್ತಿರುವಾಗ ಉಳಿದವರು ನಡುವೆ ಬಾಯಿ ಹಾಕದೆ ಕೇಳಬೇಕು, ಒಬ್ಬರು ಬರೆದುಕೊಳ್ಳಬೇಕು. ಬರೆದದ್ದಕ್ಕೆಲ್ಲ ಬೆಲೆ ಕಟ್ಟಬೇಕಾಗಿಲ್ಲ. ಕೆಲವನ್ನು ಪಾಲಿನಲ್ಲಿ ಸರಿದೂಗಿಸಬಹುದು, ಕೆಲವಕ್ಕೆ "ಹೌದು, ನೀನು ಮಾಡಿದ್ದು ನಿಜ" ಎಂಬ ಒಪ್ಪಿಗೆಯೇ ಸಾಕಾಗುತ್ತದೆ. ಈ ಕೂಟದಿಂದ ಸೊಸೆಯಂದಿರನ್ನೂ ಅಳಿಯಂದಿರನ್ನೂ ದೂರವಿಟ್ಟು, ಆಮೇಲೆ ಜಗಳಕ್ಕೆಲ್ಲ ಅವರೇ ಕಾರಣ ಎನ್ನುವ ಅಭ್ಯಾಸ ನಮ್ಮಲ್ಲಿದೆ. ಅತ್ತೆ ಮಾವಂದಿರ ಸೇವೆಯಲ್ಲಿ ವರ್ಷಗಳನ್ನು ಕಳೆದ ಸೊಸೆಗೂ ಆ ದಿನ ಮಾತನಾಡುವ ಹಕ್ಕಿದೆ ಎಂದೇ ನಾನು ತಿಳಿದಿದ್ದೇನೆ.

ಬಳಿಕ ಕಾಗದಪತ್ರ. ವಂಶವೃಕ್ಷ, ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ, ಆಸ್ತಿಯ ಮೇಲಿನ ಸಾಲ-ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ ಇವಿಷ್ಟನ್ನು ತೆಗೆಸಿ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ, ಏಕೆಂದರೆ ಒಬ್ಬರ ಬೀರುವಿನಲ್ಲೇ ಉಳಿದ ಕಾಗದ ಉಳಿದವರಲ್ಲಿ ಅನುಮಾನ ಹುಟ್ಟಿಸುತ್ತದೆ. ಖಾತೆ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ, ಎಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಯಾವುದು ಪಿತ್ರಾರ್ಜಿತ, ಯಾವುದು ಅಪ್ಪನ ಸ್ವಯಾರ್ಜಿತ ಎಂಬುದನ್ನು ಆಗಲೇ ಬೇರ್ಪಡಿಸಿಕೊಳ್ಳಿ. ಸ್ವಯಾರ್ಜಿತಕ್ಕೆ ಅಪ್ಪ ಉಯಿಲು ಬರೆದಿದ್ದರೆ ಅದರ ದಾರಿಯೇ ಬೇರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕವು 1994ರಲ್ಲೇ ತಿದ್ದುಪಡಿಯ ಮೂಲಕ ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು, ಮತ್ತು ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. ಹೀಗಿದ್ದೂ ಹಬ್ಬಕ್ಕೆಂದು ಕರೆದ ಅಕ್ಕನಿಗೆ ಊಟ ಬಡಿಸಿ, ಸೀರೆ ಕೊಟ್ಟು, ಹೊರಡುವ ಹೊತ್ತಿಗೆ ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುವುದು ಇಂದಿಗೂ ನಡೆಯುತ್ತಿದೆ. ಸಹಿ ಹಾಕದಿದ್ದರೆ ತವರು ತಪ್ಪುತ್ತದೆಂಬ ಭಯಕ್ಕೆ ಆಕೆ ಸಹಿ ಹಾಕುತ್ತಾಳೆ, ಮತ್ತು ಅಂದಿನಿಂದ ತವರಿಗೆ ಬರುವುದನ್ನು ತಾನಾಗಿಯೇ ಕಡಿಮೆ ಮಾಡುತ್ತಾಳೆ. ಆದ್ದರಿಂದ ಆಕೆಯ ಪಾಲು ಇಷ್ಟು ಎಂದು ಮೊದಲು ಸ್ಪಷ್ಟವಾಗಿ ಹೇಳಿ, ಪತ್ರದ ಕರಡನ್ನು ಮನೆಗೆ ಒಯ್ದು ಓದಲು ಕೊಡಿ. ಬಿಟ್ಟುಕೊಡುವುದಾದರೆ ಅದು ಆಕೆ ಯೋಚಿಸಿ ಮಾಡಿದ ತೀರ್ಮಾನವಾಗಿರಲಿ.

ತಾಯಿ ಇದ್ದರೆ, ತೀರಿಕೊಂಡ ಗಂಡನ ಪಾಲಿನಲ್ಲಿ ಮಕ್ಕಳಂತೆ ಆಕೆಗೂ ಒಂದು ಭಾಗವಿದೆ. "ಅಮ್ಮ ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ" ಎಂದು ಆಕೆಯನ್ನೇ ಪಾಲು ಹಾಕುವ ಮಾತು ಎದ್ದರೆ ಅಲ್ಲೇ ತಡೆದು, ಎಲ್ಲಿರಲು ಇಷ್ಟವೆಂದು ಆಕೆಯನ್ನೇ ಕೇಳಿ. ಆಕೆ ಯಾರಿಗಾದರೂ ದಾನಪತ್ರ ಬರೆಯುವುದಾದರೆ, ತನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅಂಥ ಷರತ್ತು ಮುರಿದಾಗ ಪತ್ರವನ್ನು ರದ್ದುಪಡಿಸಲು ಕೇಳಬಹುದು.

ಹಂಚುವಾಗ ಹಿರಿಯನು ಪಾಲು ಕಟ್ಟಿ ಕಿರಿಯನು ಮೊದಲು ಆರಿಸಿಕೊಳ್ಳುವ ಕ್ರಮ ಒಳ್ಳೆಯದು, ಏಕೆಂದರೆ ಕೊನೆಯ ಪಾಲು ತನ್ನದೆಂದು ಗೊತ್ತಿರುವವನು ಎಲ್ಲವನ್ನೂ ಸಮನಾಗಿಯೇ ಕಟ್ಟುತ್ತಾನೆ. ಸರ್ವೆ ನಂಬರನ್ನು ಒಡೆಯುವುದಾದರೆ ಒಡೆದ ಭಾಗಗಳನ್ನು ಅಳೆದು ತೋರಿಸುವ 11ಇ ನಕ್ಷೆಯನ್ನು ಸರ್ವೆ ಇಲಾಖೆಯಿಂದ ಮಾಡಿಸಿ, ವಿಭಾಗ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಮುಂದಿನ ಜಗಳಗಳು ಹೆಚ್ಚಾಗಿ ಹುಟ್ಟುವುದು ಬಂಡಿದಾರಿಯಿಂದ ಮತ್ತು ಕೊಳವೆಬಾವಿಯಿಂದ. ಆದಕಾರಣ ದಾರಿಯ ಅಗಲ ಎಷ್ಟು ಅಡಿ, ನೀರಿನ ಸರದಿ ಯಾರಿಗೆ ಯಾವ ದಿನ, ಮೋಟಾರು ಕೆಟ್ಟರೆ ಖರ್ಚು ಹೇಗೆ ಎಂಬುದೆಲ್ಲ ಪತ್ರದಲ್ಲಿರಲಿ. ಮಾತು ಮುರಿದುಬಿದ್ದರೆ ದಾವೆ ಹೂಡುವ ಮೊದಲು ಮಧ್ಯಸ್ಥಿಕೆಗೆ ಒಪ್ಪಿಕೊಳ್ಳಿ. ಪಾಲಿನ ದಾವೆಯಲ್ಲಿ ಯಾರಿಗೆಷ್ಟು ಪಾಲು ಎನ್ನುವ ಪ್ರಾಥಮಿಕ ಡಿಕ್ರಿ, ಅದನ್ನು ಬೇರ್ಪಡಿಸಿ ಕೊಡುವ ಅಂತಿಮ ಡಿಕ್ರಿ, ಮೇಲ್ಮನವಿ ಎನ್ನುತ್ತಾ ಮಕ್ಕಳ ಕಾಲಕ್ಕೂ ವ್ಯಾಜ್ಯ ದಾಟಿದ್ದುಂಟು, ಮತ್ತು ಆ ಮಕ್ಕಳು ತಮ್ಮ ದೊಡ್ಡಪ್ಪನನ್ನು ಕೋರ್ಟಿನ ಜಗಲಿಯಲ್ಲಿ ಮಾತ್ರ ಕಂಡು ಬೆಳೆಯುತ್ತಾರೆ.

ಕೊನೆಗೆ, ಪತ್ರದಲ್ಲಿ ಬರದ ಒಂದೆರಡು ವಿಷಯಗಳನ್ನೂ ಅಂದೇ ಮಾತಾಡಿ ಮುಗಿಸಿ: ಪಿತೃಪಕ್ಷದ ಎಡೆ ಯಾರ ಮನೆಯಲ್ಲಿ, ಮನೆದೇವರ ಪೂಜೆ ಯಾರದು, ಗೌರಿಹಬ್ಬಕ್ಕೆ ಅಕ್ಕತಂಗಿಯರನ್ನು ಕರೆಯಲು ಯಾರು ಹೋಗಬೇಕು. ಆ ಹಲಸಿನ ಮರ ಅಣ್ಣನ ಪಾಲಿಗೇ ಬಂತು. ಮೊದಲ ಕಾಯಿ ಪ್ರತಿವರ್ಷ ತಮ್ಮನ ಮನೆಗೆ ಹೋಗುತ್ತದೆ.