ಮನೆಯಲ್ಲೇ ಮಾಡಿದ ಏರ್ ಟ್ರ್ಯಾಕ್: ಕೊನೆಗೂ ಗೆರೆ ನೆಟ್ಟಗೆ ಬಂತು

ಏರ್ ಟ್ರ್ಯಾಕ್ ಅಂದರೆ ಸಣ್ಣ ತೂತುಗಳಿಂದ ಗಾಳಿ ಚಿಮ್ಮುವ ಹಳಿ; ಅದರ ಮೇಲೆ ಗಾಡಿಗಳು ಘರ್ಷಣೆ ಬಹುತೇಕ ಇಲ್ಲದೆ ತೇಲಿ ಜಾರುತ್ತವೆ. ಹೋದ ತಿಂಗಳು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಪರದೆ ಮೇಲೆ, ಯಾವ ಹೊತ್ತಿಗೆ ಏನು ಎಲ್ಲಿತ್ತು ಎಂದು ತೋರಿಸುವ ಮೂರು ಗೆರೆ ಮೂಡಿದವು. ಸ್ಪ್ರಿಂಗ್ ಕಟ್ಟಿದ ಎರಡು ಗಾಡಿಗಳ ಗೆರೆಗಳು ಹಾವಿನಂತೆ ಅಂಕುಡೊಂಕು. ಅವುಗಳ ನಡುವೆ ದ್ರವ್ಯರಾಶಿ ಕೇಂದ್ರದ (ಎರಡೂ ಗಾಡಿಗಳ ಭಾರ ಒಟ್ಟಾಗಿ ಸೇರಿದೆ ಎಂದು ಭಾವಿಸುವ ಬಿಂದುವಿನ) ಗೆರೆ, ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗೆ. ‘ಇದು ಅಂಬಾಲಾದಿಂದ ತರಿಸೋ ಸಾಮಾನು ಸರ್, ಮನೇಲಿ ಆಗೋದಲ್ಲ’ ಎಂದಿದ್ದ ಸಹೋದ್ಯೋಗಿಗಳೇ ನಿಂತು ನೋಡಿದರು. ಅಂಬಾಲಾ ಲ್ಯಾಬ್ ಉಪಕರಣಗಳಿಗೆ ಹೆಸರಾದ ಹರಿಯಾಣದ ಊರು. ಕೊಟೇಶನ್ ತರಿಸಿದಾಗ ಮೂವತ್ತು ಸಾವಿರದ ಹತ್ತಿರ ಹೇಳಿದ್ದರು. ನನಗೆ ಆದದ್ದು, ಹಾಳಾದ ಸಾಮಾನೂ ಸೇರಿ, ಐದು ಸಾವಿರದೊಳಗೆ.

ಮೊದಲ ಪ್ರಯತ್ನ ಪಿವಿಸಿ ಪೈಪಿನದು. ಆರುನೂರು ರೂಪಾಯಿ ಅಲ್ಲೇ ಹೋಯಿತು. ದುಂಡನೆ ಪೈಪಿನ ಮೇಲೆ ಗಾಡಿ ಪಕ್ಕಕ್ಕೆ ವಾಲಿ ಜಾರುತ್ತಿತ್ತು. ಗಾಳಿಗೆ ಹೇರ್ ಡ್ರೈಯರ್ ಇಟ್ಟಿದ್ದೆ. ಅದರ ಬಿಸಿಗೆ ಪೈಪಿನ ಬಾಯಿ ಮೆತ್ತಗಾಗಿ ಸೊಟ್ಟಗಾಯಿತು. ಅಕ್ವೇರಿಯಂ ಪಂಪಂತೂ ಒಂದು ಕಾಗದವನ್ನೂ ಎತ್ತಲಿಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ಕಿಟಕಿ ಸೆಕ್ಷನ್ ಮಾರುವವರ ಹತ್ತಿರ ಎರಡು ಇಂಚಿನ ಚೌಕ ಅಲ್ಯೂಮಿನಿಯಂ ಪೈಪು ತಂದೆ, ಆರು ಅಡಿ, ತೂಕದ ಲೆಕ್ಕದಲ್ಲಿ ಏಳುನೂರರ ಆಸುಪಾಸು. ಏಣು ಮೇಲೆ ಬರುವ ಹಾಗೆ ಕೂರಿಸಿ, ಮೇಲಿನ ಎರಡೂ ಮುಖಕ್ಕೆ ಇಂಚಿಗೊಂದರಂತೆ ಎರಡೆರಡು ಸಾಲು ತೂತು. ಒಟ್ಟು ಇನ್ನೂರ ಎಂಬತ್ತರ ಹತ್ತಿರ. ಮೊದಲು ಒಂದೂವರೆ ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ಕೊರೆದು ಕೆಟ್ಟೆ. ಗಾಳಿಯೆಲ್ಲ ಬ್ಲೋವರ್ ಕಡೆಯೇ ಸೋರಿ, ಆಚೆ ತುದಿಯಲ್ಲಿ ಗಾಡಿ ಏಳಲೇ ಇಲ್ಲ. ಆ ಪೈಪು ಈಗ ನಮ್ಮ ಮನೆಯ ಬಟ್ಟೆ ಒಣಗಿಸುವ ಗಳ. ಎರಡನೇ ಪೈಪಿಗೆ ಒಂದು ಮಿಲಿಮೀಟರ್ ತೂತು, ಸೀಮೆಎಣ್ಣೆ ಹಚ್ಚಿ ಹಚ್ಚಿ ಕೊರೆದೆ. ಇಪ್ಪತ್ತಕ್ಕೂ ಹೆಚ್ಚು ಡ್ರಿಲ್ ಬಿಟ್ಟುಗಳು ಮುರಿದವು.

ಇಷ್ಟಾದರೂ ಗಾಡಿ ಮಟ್ಟದ ಹಳಿಯ ಮೇಲೆ ತಾನಾಗಿ ಎಡಕ್ಕೆ ಹೋಗುತ್ತಿತ್ತು. ಸ್ಪಿರಿಟ್ ಲೆವೆಲ್ ಸರಿಯಾಗಿಯೇ ತೋರಿಸುತ್ತಿತ್ತು. ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಅಗರಬತ್ತಿ ಹೊಗೆಯನ್ನು ಒಂದೊಂದೇ ತೂತಿನ ಪಕ್ಕ ಹಿಡಿದು ನೋಡಿದೆ. ಕೆಲವು ಕಡೆ ಗಾಳಿ ನೇರ ಏಳದೆ ಓರೆಯಾಗಿ ಚಿಮ್ಮುತ್ತಿತ್ತು. ಕೊರೆದಾಗ ಒಳಬದಿಯಲ್ಲಿ ಉಳಿದ ಲೋಹದ ಚೂಪು ಮುಳ್ಳಿನ ಕೆಲಸ ಅದು. ಆರು ಅಡಿ ಪೈಪಿನ ಒಳಗಿನ ಮುಳ್ಳು ತೆಗೆದದ್ದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ. ಇನ್ನೊಂದು ಮಾತು: ಪೈಪಿಗೆ ಆಧಾರವನ್ನು ತುದಿಗಳಲ್ಲಿ ಕೊಡಬೇಡಿ, ನಡುವೆ ಬಗ್ಗುತ್ತದೆ. ಎರಡೂ ಕಡೆಯಿಂದ ಉದ್ದದ ಶೇಕಡ 22ರಷ್ಟು ಒಳಗೆ ಕೊಡಿ. ಬ್ಲೋವರ್ ನೆಲದ ಮೇಲಿರಲಿ, ನಡುವೆ ಮೆತ್ತನೆ ಹೋಸ್ ಇರಲಿ, ಇಲ್ಲವಾದರೆ ಅದರ ನಡುಕ ಹಳಿಗೂ ಬರುತ್ತದೆ. ಕಂಪ್ಯೂಟರ್ ಧೂಳು ಊದುವ ಬ್ಲೋವರ್ ಸಾಕು, ನನಗೆ ಸಾವಿರದ ಚಿಲ್ಲರೆ ಆಯಿತು. ಐದು ನಿಮಿಷಕ್ಕೊಮ್ಮೆ ಆರಿಸಿ.

ಗಾಡಿಗಳು ಅಲ್ಯೂಮಿನಿಯಂ ಆ್ಯಂಗಲ್ ತುಂಡುಗಳು. ಬೋಲ್ಟು ಸೇರಿಸಿ ಒಂದು 200 ಗ್ರಾಂ, ಇನ್ನೊಂದು ಅದರ ದುಪ್ಪಟ್ಟು ಉದ್ದ, 400 ಗ್ರಾಂ. ಸ್ಪ್ರಿಂಗಿಗೇ ಹೆಚ್ಚು ಪರದಾಡಿದೆ. ಪೆನ್ನಿನ ಸ್ಪ್ರಿಂಗ್ ತೀರಾ ಬಿಗಿ. ಮಕ್ಕಳ ಆಟದ ಸ್ಪ್ರಿಂಗ್ ಜೋತುಬಿದ್ದು ಹಳಿಗೆ ತಾಗುತ್ತದೆ. ಎಳೆದರೂ ಒತ್ತಿದರೂ ಕೆಲಸ ಮಾಡಬೇಕು. ಕೊನೆಗೆ ನಾನೇ ಸುತ್ತಿದೆ, ಅದರ ಬಿಗಿ ಮೀಟರಿಗೆ ಮೂರು ನ್ಯೂಟನ್ ಬಂತು. ಭಾರದ ಗಾಡಿಯನ್ನು ಕ್ಲಾಂಪ್ ಮಾಡಿ ಹಗುರದ್ದನ್ನು ತೂಗಾಡಿಸಿದರೆ ಒಂದು ಪೂರ್ತಿ ತೂಗಾಟಕ್ಕೆ 1.6 ಸೆಕೆಂಡು. ಎರಡನ್ನೂ ಬಿಟ್ಟರೆ 1.3. ಸಂಕ್ಷಿಪ್ತ ದ್ರವ್ಯರಾಶಿ (ಜೋಡಿಯ ತೂಗಾಟದ ಲೆಕ್ಕಕ್ಕೆ ಎರಡರ ಬದಲು ಹಿಡಿಯುವ ಒಂದೇ ದ್ರವ್ಯರಾಶಿ) 133 ಗ್ರಾಂ ಎಂದು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ; ಅದು ಸ್ಟಾಪ್‌ವಾಚಿನಲ್ಲಿ ಸಿಕ್ಕ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಜೋಡಿಯನ್ನು ಕೈಯಿಂದ ತಳ್ಳಿದರೆ ಕೆಟ್ಟಿತು, ಬೆರಳು ಎರಡನ್ನೂ ಅಲುಗಿಸುತ್ತದೆ. ನಾನು ರಬ್ಬರ್ ಬ್ಯಾಂಡ್ ಕಟ್ಟಿದ 200 ಗ್ರಾಮಿನ ಮೂರನೇ ಗಾಡಿಯಿಂದ ಹಗುರ ಗಾಡಿಗೆ ಗುದ್ದಿಸಿದೆ. ಗುದ್ದಿದ್ದು ಅಲ್ಲೇ ನಿಲ್ಲುತ್ತದೆ, ವೇಗವೆಲ್ಲ ಹಗುರ ಗಾಡಿಗೆ ಹೋಗುತ್ತದೆ. ಆಮೇಲಿನ ಓಟ ಹತ್ತಿರದಿಂದ ನೋಡಬೇಕು. ಹಗುರ ಗಾಡಿ ಮುನ್ನುಗ್ಗಿ ಸ್ಪ್ರಿಂಗನ್ನು ಒತ್ತುತ್ತದೆ, ನಿಧಾನವಾಗಿ ತುಸು ಹಿಂದಕ್ಕೇ ಬರುತ್ತದೆ. ಭಾರದ್ದು ಓಡಿ, ಒಂದು ಕ್ಷಣ ಹಳಿಯ ಮೇಲೆ ಪೂರ್ತಿ ನಿಂತುಬಿಡುತ್ತದೆ, ಮತ್ತೆ ಹೊರಡುತ್ತದೆ. ಹಳಿ ಮುಗಿಯುವುದರೊಳಗೆ ನಾಲ್ಕು ಸಲ ಹೀಗೆ. ಹಗುರದ್ದಕ್ಕೆ ಸಿಕ್ಕ ವೇಗ ಸೆಕೆಂಡಿಗೆ 45 ಸೆಂಟಿಮೀಟರ್, ಕೇಂದ್ರದ್ದು 15. ಕೊನೆಗೆ ಅದು ಹದಿನಾಲ್ಕೂವರೆ ಆಗಿತ್ತು. ಅಷ್ಟು ಗಾಳಿಯ ತಡೆ.

ವಿಡಿಯೋ ಅಳೆಯಲು ಉಚಿತ ಟ್ರ್ಯಾಕರ್ ತಂತ್ರಾಂಶ ಸಾಕು, ದ್ರವ್ಯರಾಶಿ ಕೇಂದ್ರವನ್ನು ಅದೇ ಗುರುತಿಸುತ್ತದೆ. ಆದರೆ ಮೊಬೈಲ್ ಕ್ಯಾಮೆರಾ ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಹಿಡಿಯುವುದಿಲ್ಲ. ನನ್ನ ಗೆರೆ ಎರಡು ವಾರ ಡೊಂಕಾಗಿಯೇ ಬಂದದ್ದು ಇದರಿಂದ. ಬೈದದ್ದು ಪಾಪ ಸ್ಪ್ರಿಂಗಿಗೆ. ವಿಡಿಯೋವನ್ನು ಸಮ ಫ್ರೇಮಿಗೆ ಬದಲಿಸಿ, ಮೊಬೈಲನ್ನು ಎರಡು ಮೀಟರ್ ದೂರವಿಟ್ಟು ತೆಗೆದ ಮೇಲೆ ಸರಿಹೋಯಿತು.

ಸ್ಫೋಟದ ಪ್ರಯೋಗವನ್ನೂ ಮಾಡಿದೆ. ಎರಡು ಗಾಡಿಗಳ ನಡುವೆ ಸ್ಪ್ರಿಂಗ್ ಒತ್ತಿ ದಾರ ಕಟ್ಟಿ, ಕತ್ತರಿ ತಾಗಿಸದೆ ಅಗರಬತ್ತಿಯಿಂದ ಸುಟ್ಟೆ. ಹಗುರದ್ದರ ವೇಗ ಸೆಕೆಂಡಿಗೆ 41, ಭಾರದ್ದರದು 21 ಸೆಂಟಿಮೀಟರ್; ಸಂವೇಗ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು, ಹೆಚ್ಚುಕಡಿಮೆ ಸಮ. ಇನ್ನೊಂದು ಸಾಹಸ ಮಾತ್ರ ಬಾಕಿ ಇದೆ. ಕೆಳತುದಿ ತಕ್ಕಡಿಗೆ ತಾಗುವಂತೆ ನೇರ ಹಿಡಿದು ಬಿಟ್ಟ ಸರಪಳಿ, ಬೀಳುತ್ತಿರುವಾಗ, ಅಷ್ಟರಲ್ಲಿ ಬಿದ್ದ ಭಾಗದ ತೂಕದ ಮೂರುಪಟ್ಟು ಬಲವನ್ನು ತಕ್ಕಡಿಗೆ ಕೊಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಅಷ್ಟು ಬೇಗ ಓದುವುದೇ ಇಲ್ಲ. ಈಗ ಬಲವನ್ನು ಅಳೆಯುವ ಒಂದು ಸೆನ್ಸರ್, ಲೋಡ್ ಸೆಲ್, ತರಿಸಿದ್ದೇನೆ, ಇನ್ನೂರೈವತ್ತು ಆಯಿತು. ದಸರಾ ರಜೆಯಲ್ಲಿ ಅದನ್ನು ಕೂರಿಸಬೇಕು.