ಯೋಜನೆ ಎಂದು ಮುಗಿದೀತು? ಲೆಕ್ಕ ಹಾಕಿ ತಿಳಿಯುವ ಬಗೆ

ವೇಳಾಪಟ್ಟಿಯ ಕೊನೆಯಲ್ಲಿ ನಮೂದಾಗಿರುವ ದಿನಾಂಕದೊಳಗೆ ಯೋಜನೆ ಮುಗಿಯುವ ಸಂಭವ ನೂರಕ್ಕೆ ಎಷ್ಟು ಎಂಬುದನ್ನು ಅಂಕಿಗಳಲ್ಲಿ ಕಂಡುಕೊಳ್ಳುವುದೇ ವೇಳಾಪಟ್ಟಿಯ ಪರಿಮಾಣಾತ್ಮಕ ರಿಸ್ಕ್ ವಿಶ್ಲೇಷಣೆ. ಇದಕ್ಕೆಂದೇ ಸಾಫ್ಟ್‌ವೇರ್‌ಗಳಿವೆಯಾದರೂ, ಕಲಿಯುವವರು ಮೊದಲು ಸ್ಪ್ರೆಡ್‌ಶೀಟಿನಲ್ಲಿ ಮೂರೇ ಕೆಲಸಗಳ ಪುಟ್ಟ ಮಾದರಿಯನ್ನು ಕೈಯಾರೆ ಕಟ್ಟಿ ನೋಡಲೇಬೇಕು.

ಅದಕ್ಕೂ ಮುನ್ನ ವೇಳಾಪಟ್ಟಿ ಗಟ್ಟಿಯಾಗಿರಬೇಕು. ಯಾವ ಕೆಲಸ ಮುಗಿದ ಮೇಲೆ ಯಾವುದು ಶುರು ಎಂಬ ಕೊಂಡಿಗಳೆಲ್ಲ ಇರಬೇಕು. ದಿನಾಂಕಗಳನ್ನು ಕೈಯಿಂದ ಕಟ್ಟಿಹಾಕಿದ್ದರೆ ತೆಗೆದುಬಿಡಬೇಕು, ಏಕೆಂದರೆ ಹಾಗೆ ಕಟ್ಟಿಹಾಕಿದಲ್ಲಿ ಹಿಂದಿನ ಕೆಲಸದ ವಿಳಂಬ ಮುಂದಿನದಕ್ಕೆ ದಾಟದೆ ಲೆಕ್ಕವೇ ಸುಳ್ಳಾಗುತ್ತದೆ.

ಮುಂದಿನದು ಅಂದಾಜು. ಪ್ರತಿ ಕೆಲಸಕ್ಕೂ ಕನಿಷ್ಠ, ಹೆಚ್ಚು ಸಂಭವನೀಯ ಮತ್ತು ಗರಿಷ್ಠ ಎಂಬ ಮೂರು ಅವಧಿಗಳನ್ನು, ಆ ಕೆಲಸ ಮಾಡುವವರಿಂದಲೇ ಕೇಳಿ ಬರೆದುಕೊಳ್ಳಿ. ಗರಿಷ್ಠವನ್ನು ಮೊದಲು ಕೇಳುವುದು ಒಳ್ಳೆಯದು. ಮಧ್ಯದ ಅಂಕಿ ಒಮ್ಮೆ ಬಾಯಿಗೆ ಬಂದರೆ ಉಳಿದೆರಡೂ ಅದರ ಆಸುಪಾಸಿನಲ್ಲೇ ಸುಳಿಯುತ್ತವೆ. ಒಂದರ ನಂತರ ಒಂದು ನಡೆಯುವ ಮೂರು ಕೆಲಸಗಳಿಗೂ 8, 10, 18 ದಿನಗಳ ಅಂದಾಜು ಸಿಕ್ಕಿತೆನ್ನಿ. ತ್ರಿಕೋನ ಹಂಚಿಕೆಯ (ಸಂಭವ ಕನಿಷ್ಠದಿಂದ ಮಧ್ಯದ ಅಂಕಿಯವರೆಗೆ ನೇರವಾಗಿ ಏರಿ, ಅಲ್ಲಿಂದ ಗರಿಷ್ಠದವರೆಗೆ ನೇರವಾಗಿ ಇಳಿಯುತ್ತದೆ ಎಂಬ ಊಹೆಯ) ಪ್ರಕಾರ ಒಂದೊಂದರ ಸರಾಸರಿ 12 ದಿನ, ಒಟ್ಟು 36, ವೇಳಾಪಟ್ಟಿಯಲ್ಲಿರುವುದಾದರೋ ತಲಾ 10ರಂತೆ 30. ಒಂದು ಕೆಲಸ 10 ದಿನದೊಳಗೆ ಮುಗಿಯುವ ಸಂಭವವೇ ನೂರಕ್ಕೆ 20 ಮಾತ್ರ.

ಈಗ ಮಾಂಟೆ ಕಾರ್ಲೊ ವಿಧಾನ, ಎಂದರೆ ಯಾದೃಚ್ಛಿಕ (ಮನಬಂದಂತೆ ಬರುವ) ಸಂಖ್ಯೆಗಳಿಂದ ಯೋಜನೆಯನ್ನು ಸಾವಿರಾರು ಬಾರಿ ನಡೆಸಿ ನೋಡುವುದು. ಸ್ಪ್ರೆಡ್‌ಶೀಟಿನಿಂದ 0 ಮತ್ತು 1ರ ನಡುವಿನ ಯಾದೃಚ್ಛಿಕ ಸಂಖ್ಯೆಯೊಂದನ್ನು ಪಡೆಯಿರಿ. ಅದು 0.2ಕ್ಕಿಂತ ಕಡಿಮೆಯಿದ್ದರೆ 20ರಿಂದ ಗುಣಿಸಿ, ವರ್ಗಮೂಲ ತೆಗೆದು, 8ಕ್ಕೆ ಕೂಡಿಸಿ. ಇಲ್ಲದಿದ್ದರೆ ಅದನ್ನು 1ರಿಂದ ಕಳೆದು, 80ರಿಂದ ಗುಣಿಸಿ, ವರ್ಗಮೂಲವನ್ನು 18ರಿಂದ ಕಳೆಯಿರಿ. ಸಂಖ್ಯೆ 0.8 ಬಂದರೆ ಅವಧಿ 14 ದಿನ. ಮೂರು ಕೆಲಸಗಳಿಗೂ ಪ್ರತ್ಯೇಕ ಸಂಖ್ಯೆಗಳಿಂದ ಹೀಗೆ ಅವಧಿ ಕಂಡುಹಿಡಿದು ಕೂಡಿಸಿ, ಇಂಥ 5,000 ಸಾಲುಗಳನ್ನು ಮಾಡಿ, ಮೊತ್ತಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ. 4,000ನೆಯ ಮೊತ್ತವೇ ಶೇ. 80ರಷ್ಟು ಭರವಸೆಯ ಅವಧಿ. ಇಲ್ಲಿ ಅದು ಸುಮಾರು 39 ದಿನ.

ಕಲಿಯುವವರು ಹೆಚ್ಚಾಗಿ ಎಡವುವುದು ಇದರ ನಂತರ. ಮೂರೂ ಕೆಲಸ ಒಂದೇ ತಂಡದ್ದಾದರೆ ಒಂದು ತಡವಾದಾಗ ಉಳಿದವೂ ತಡವಾಗುತ್ತವೆ. ಮೂರಕ್ಕೂ ಒಂದೇ ಯಾದೃಚ್ಛಿಕ ಸಂಖ್ಯೆ ಬಳಸಿ ನೋಡಿ: ಸರಾಸರಿ 36 ಹಾಗೇ ಉಳಿದು, ಶೇ. 80ರ ಅವಧಿ 42ಕ್ಕೇರುತ್ತದೆ. ನಿಜಸ್ಥಿತಿ ಸಾಮಾನ್ಯವಾಗಿ ಮೊದಲಿನ 39 ಮತ್ತು ಈ 42ರ ನಡುವೆ ಇರುತ್ತದೆ.

ಇನ್ನೊಂದು, ಹಾದಿಗಳು, ಅಂದರೆ ಒಂದಕ್ಕೊಂದು ಕೊಂಡಿಯಿರುವ ಕೆಲಸಗಳ ಸಾಲುಗಳು, ಕೂಡುವ ಜಾಗ. ಸಮಯಕ್ಕೆ ಮುಗಿಯುವ ಸಂಭವ ಅರ್ಧರ್ಧವಿರುವ, ಪರಸ್ಪರ ಸಂಬಂಧವಿಲ್ಲದ ಎರಡು ಹಾದಿಗಳು ಕೂಡುವಲ್ಲಿ, ಎರಡೂ ಮುಗಿದಿರಬೇಕಾದ್ದರಿಂದ, ಆ ಸಂಭವ ಶೇ. 25ಕ್ಕೆ ಇಳಿಯುತ್ತದೆ. 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪುಗೊಂಡ ಪರ್ಟ್ ವಿಧಾನವೂ ಮೂರು ಅಂದಾಜುಗಳನ್ನು ಬಳಸಿತ್ತು. ಆದರೆ ಅತಿ ಉದ್ದದ ಹಾದಿಯೊಂದನ್ನೇ ಲೆಕ್ಕ ಹಿಡಿದಿದ್ದರಿಂದ ಈ ನಷ್ಟ ಅದಕ್ಕೆ ಕಾಣುತ್ತಿರಲಿಲ್ಲ.

ಕೊನೆಗೆ, ಒಂದೊಂದೇ ಕೆಲಸದ ಗರಿಷ್ಠ ಅವಧಿಯನ್ನು ತಗ್ಗಿಸಿ, ಸೂತ್ರದ ಅಂಕಿಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಿ, ಲೆಕ್ಕವನ್ನು ಮತ್ತೆ ನಡೆಸಿ. ಶೇ. 80ರ ಅವಧಿಯನ್ನು ಹೆಚ್ಚು ಕೆಳಗಿಳಿಸಿದ ಕೆಲಸಕ್ಕೇ ಹೆಚ್ಚುವರಿ ಜನ ಮತ್ತು ಹಣವನ್ನು ಮೊದಲು ಒದಗಿಸಬೇಕು.